ಪರನಾಡಿನಿಂದ ಮರುಪ್ರಯಾಣ

ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸ ಮೊದಲಾದ ಕಾರಣಗಳಿಂದ ಜನರು ಸ್ವದೇಶವನ್ನು ಬಿಟ್ಟು ಪರದೇಶಗಳಿಗೆ ಹೋಗಿ ನೆಲೆಸುವುದುಂಟು. ಹೀಗೆ ಹೋಗುವವರಲ್ಲಿ ಬಹುಮಂದಿ ಒಂದು ಅವಧಿಯನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡೇ ಹೊರಡುತ್ತಾರೆ. ಸಾಲ ತೀರುವವರೆಗೆ, ಮನೆ ಕಟ್ಟುವವರೆಗೆ, ಪದವಿ ಮುಗಿಯುವವರೆಗೆ ಅಲ್ಲಿರಬೇಕೆಂಬುದು ಅವರ ಎಣಿಕೆ. ಆದರೆ ಆಶ್ರಯ ನೀಡಿದ ದೇಶದಲ್ಲಿಯೇ ಅಂತಃಕಲಹ ಹುಟ್ಟಿದರೆ ಈ ಎಣಿಕೆಗಳೆಲ್ಲ ತಲೆಕೆಳಗಾಗುತ್ತವೆ. ಕೆಲಸ ಪೂರೈಸುವ ಮೊದಲೇ ಕೈಗೆ ಸಿಕ್ಕಿದ್ದನ್ನು ಹಿಡಿದು ಹೊರಡಬೇಕಾಗುತ್ತದೆ. ಇಂತಹ ಮರುಪ್ರಯಾಣವು ಹೇಗೆ ನಡೆಯುತ್ತದೆ, ಅದರಲ್ಲಿರುವ ಕಷ್ಟಗಳಾವುವು ಎಂಬುದನ್ನು 2023ರಲ್ಲಿ ಸುಡಾನ್ ದೇಶದಲ್ಲಿ ನಡೆದ ಘಟನೆಗಳಿಂದ ಚೆನ್ನಾಗಿ ತಿಳಿಯಬಹುದು.

ಸುಡಾನ್ ಆಫ್ರಿಕ ಖಂಡದ ಈಶಾನ್ಯ ಭಾಗದಲ್ಲಿದೆ. ನೀಲಿ ನೈಲ್ ಮತ್ತು ಬಿಳಿ ನೈಲ್ ನದಿಗಳು ಕೂಡುವೆಡೆಯಲ್ಲಿ ಅದರ ರಾಜಧಾನಿಯಾದ ಖಾರ್ಟೂಮ್ ನಗರವಿದೆ. 1956ರಲ್ಲಿ ಸ್ವಾತಂತ್ರ್ಯ ಪಡೆದ ಈ ದೇಶವು ಬಹುಕಾಲ ಶಾಂತಿಯನ್ನು ಕಾಣಲಿಲ್ಲ. ದೀರ್ಘವಾದ ಅಂತರ್ಯುದ್ಧದ ತರುವಾಯ 2011ರಲ್ಲಿ ಅದರ ದಕ್ಷಿಣ ಭಾಗವು ಪ್ರತ್ಯೇಕ ರಾಷ್ಟ್ರವಾಯಿತು. ಮೂವತ್ತು ವರ್ಷಗಳ ಕಾಲ ಆಳಿದ ಒಮರ್ ಅಲ್ ಬಷೀರ್ ಜನರ ಚಳವಳಿಯ ಫಲವಾಗಿ 2019ರಲ್ಲಿ ಅಧಿಕಾರದಿಂದ ಉರುಳಿದರು. ಆದರೆ 2021ರ ಅಕ್ಟೋಬರ್‌ನಲ್ಲಿ ಸೇನಾಧಿಪತಿಗಳು ಅಧಿಕಾರವನ್ನು ಕೈವಶಪಡಿಸಿಕೊಂಡರು. ಕೊನೆಗೆ ಆ ಸೇನಾಧಿಪತಿಗಳಲ್ಲಿಯೇ ಒಡಕು ಮೂಡಿತು. ಜನರಲ್ ಬುರ್ಹಾನರ ನೇತೃತ್ವದ ಸೇನೆಗೂ, ದಗಾಲೋ ಎಂಬ ಮತ್ತೊಬ್ಬ ನಾಯಕನ ಕ್ಷಿಪ್ರ ಬೆಂಬಲ ಪಡೆಗೂ 2023ರ ಏಪ್ರಿಲ್ 15ರಂದು ಖಾರ್ಟೂಮ್ ನಗರದ ಮಧ್ಯದಲ್ಲಿಯೇ ಯುದ್ಧ ಆರಂಭವಾಯಿತು.

ಆ ಸಮಯದಲ್ಲಿ ಅಲ್ಲಿ ಸುಮಾರು 3,500 ಮಂದಿ ಭಾರತೀಯರಿದ್ದರು. ಅವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನಾಂಗದವರೂ ಇದ್ದರೆಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಿತು. ಮೈಸೂರು, ಹಾಸನ, ಶಿವಮೊಗ್ಗ, ದಾವಣಗೆರೆ ಮುಂತಾದ ಜಿಲ್ಲೆಗಳಲ್ಲಿ ವಾಸಿಸುವ ಈ ಜನ ಮನೆಯಲ್ಲಿ ವಾಗ್ರಿ ಎಂಬ ಭಾಷೆಯನ್ನಾಡುತ್ತಾರೆ. ಹೆಸರೇ ಸೂಚಿಸುವಂತೆ ಹಕ್ಕಿ ಹಿಡಿಯುವುದು, ಬೇಟೆಯಾಡುವುದು ಇವರ ಪೂರ್ವದ ಕಸುಬು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಗೆ ನಿಷೇಧ ಬಂದಿತು. ಕಾಡಿನ ಗಿಡಮೂಲಿಕೆಗಳ ಪರಿಚಯ ಅವರಿಗೆ ಹಿಂದಿನಿಂದಲೂ ಇದ್ದಿತು. ಆ ಅರಿವನ್ನೇ ಬಂಡವಾಳವಾಗಿಸಿಕೊಂಡು ಅವರು ತೈಲ, ಔಷಧಿಗಳನ್ನು ಮಾರತೊಡಗಿದರು. ಕ್ರಮೇಣ ಆಫ್ರಿಕದ ಹಲವು ದೇಶಗಳವರೆಗೂ ಆ ವ್ಯಾಪಾರವನ್ನು ಕೊಂಡೊಯ್ದರು. ಯುದ್ಧ ಆರಂಭವಾದಾಗ ಅವರಲ್ಲಿ ಕೆಲವರು ರಾಜಧಾನಿಯಿಂದ ಬಹುದೂರ ಪಶ್ಚಿಮಕ್ಕಿರುವ ಡಾರ್ಫರ್ ಪ್ರಾಂತದ ಅಲ್ ಫಶೀರ್ ಪಟ್ಟಣದಲ್ಲಿದ್ದರು.

ಯುದ್ಧ ಆರಂಭವಾದೊಡನೆ ಎಲ್ಲರೂ ಏಕೆ ಹೊರಟುಬರಲಿಲ್ಲವೆಂದು ನಾವು ಕೇಳಬಹುದು. ಹೊರಡುವುದು ಅಷ್ಟು ಸುಲಭವಾಗಿರಲಿಲ್ಲ. ಮೊದಲ ದಿನವೇ ಖಾರ್ಟೂಮ್ ವಿಮಾನ ನಿಲ್ದಾಣವು ರಣರಂಗವಾಗಿ, ವಿಮಾನ ಸಂಚಾರ ನಿಂತುಹೋಯಿತು. ಬೀದಿಗಳಲ್ಲಿ ಗುಂಡುಗಳು ಹಾರುತ್ತಿದ್ದವು. ಮನೆಯೊಳಗಿದ್ದ ಒಬ್ಬ ಭಾರತೀಯನೇ ಗುಂಡು ತಗುಲಿ ಮೃತನಾದನು. ಆದುದರಿಂದ ಯಾರೂ ಹೊರಗೆ ಬರಬಾರದೆಂದು ಭಾರತದ ರಾಯಭಾರ ಕಚೇರಿಯು ಎಚ್ಚರಿಕೆ ನೀಡಿತು. ಒಳಗೆ ಕುಳಿತವರಿಗೆ ನೀರು, ವಿದ್ಯುತ್ತು, ಆಹಾರಗಳ ಅಭಾವ, ಹೊರಗೆ ಪ್ರಾಣಭಯ. ಇದಲ್ಲದೆ ಇನ್ನೊಂದು ತೊಡಕೂ ಇದ್ದಿತು. ಸಾಲ ಮಾಡಿ ಸರಕು ಕೊಂಡು ಹೋಗಿದ್ದ ಸಣ್ಣ ವ್ಯಾಪಾರಿಗೆ, ಆ ಸರಕನ್ನು ಅಲ್ಲಿಯೇ ಬಿಟ್ಟು ಬರುವುದೆಂದರೆ ಸಾಲವನ್ನು ಮಾತ್ರ ಹೊತ್ತು ಮನೆಗೆ ಬಂದಂತೆ. 'ಜೀವವಿದ್ದರೆ ಬೆಲ್ಲ ಬೇಡಿ ತಿಂದೇನು' ಎಂಬ ಗಾದೆಯ ಮಾತು ಹೇಳಲು ಸುಲಭ. ಅದರಂತೆ ನಡೆಯುವಾಗ ಕೈಬಿಡಬೇಕಾದುದು ಎಷ್ಟೆಂಬುದು ಬಿಟ್ಟು ಬಂದವನಿಗೆ ಮಾತ್ರ ಗೊತ್ತು.

ಪರದೇಶದಲ್ಲಿರುವ ತನ್ನ ಪ್ರಜೆಗಳಿಗೆ ನೆರವಾಗುವುದು ರಾಯಭಾರ ಕಚೇರಿಗಳ ಕರ್ತವ್ಯಗಳಲ್ಲೊಂದು. 1963ರ ವಿಯೆನ್ನಾ ಒಪ್ಪಂದದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಲಾಗಿದೆ. ಆದರೆ ಪರರಾಷ್ಟ್ರದ ನೆಲದಲ್ಲಿ ಹಡಗನ್ನಾಗಲಿ ವಿಮಾನವನ್ನಾಗಲಿ ಇಳಿಸಬೇಕಾದರೆ ಅಲ್ಲಿನವರ ಒಪ್ಪಿಗೆ ಬೇಕು. ಹೋರಾಡುವ ಎರಡು ಪಕ್ಷಗಳೂ ದಾರಿ ಬಿಡಬೇಕು. ನೆರೆಯ ರಾಷ್ಟ್ರವೊಂದು ತಂಗಲು ಸ್ಥಳ ಕೊಡಬೇಕು. ಇವೆಲ್ಲವೂ ಕೂಡಿಬರುವವರೆಗೆ ಕಾಯುವುದು ಅನಿವಾರ್ಯ. ಏಪ್ರಿಲ್ 24ರ ನಡುರಾತ್ರಿಯಿಂದ 72 ಗಂಟೆಗಳ ಕದನವಿರಾಮಕ್ಕೆ ಎರಡು ಪಕ್ಷಗಳೂ ಒಪ್ಪಿದವು. ಅದೇ ದಿನ ಭಾರತ ಸರ್ಕಾರವು ತನ್ನ ರಕ್ಷಣಾ ಕಾರ್ಯಾಚರಣೆಯನ್ನು ಪ್ರಕಟಿಸಿತು. ಕೊಡಗಿನಲ್ಲಿ ಹುಟ್ಟಿ ಹರಿಯುವ ನದಿಯ ಹೆಸರಿನಿಂದ ಅದನ್ನು 'ಆಪರೇಷನ್ ಕಾವೇರಿ' ಎಂದು ಕರೆಯಲಾಯಿತು.

ಈ ಕಾರ್ಯದ ಕ್ರಮ ಹೀಗಿದ್ದಿತು. ಮೊದಲು ಜನರು ಖಾರ್ಟೂಮ್ ಮುಂತಾದ ಊರುಗಳಿಂದ ಬಸ್ಸುಗಳಲ್ಲಿ ಹೊರಟು, ಸುಮಾರು 850 ಕಿಲೋಮೀಟರ್ ದೂರದಲ್ಲಿ ಕೆಂಪು ಸಮುದ್ರದ ತೀರದಲ್ಲಿರುವ ಪೋರ್ಟ್ ಸುಡಾನ್ ಬಂದರನ್ನು ಸೇರಬೇಕು. ಅಲ್ಲಿಂದ ನೌಕಾಪಡೆಯ ಹಡಗುಗಳಲ್ಲಿ ಅಥವಾ ವಾಯುಪಡೆಯ ವಿಮಾನಗಳಲ್ಲಿ ಸಮುದ್ರವನ್ನು ದಾಟಿ ಸೌದಿ ಅರೇಬಿಯದ ಜೆದ್ದಾ ನಗರಕ್ಕೆ ಹೋಗಬೇಕು. ಜೆದ್ದಾದಿಂದ ದೆಹಲಿ, ಮುಂಬಯಿ, ಬೆಂಗಳೂರು ಮುಂತಾದ ನಗರಗಳಿಗೆ ವಿಮಾನಗಳ ಏರ್ಪಾಡಾಗಿದ್ದಿತು. 'ಸುಮೇಧಾ' ಎಂಬ ಯುದ್ಧನೌಕೆಯು 278 ಮಂದಿಯ ಮೊದಲ ತಂಡವನ್ನು ಹೊತ್ತು ಏಪ್ರಿಲ್ 25ರಂದು ಹೊರಟಿತು.

ಪೋರ್ಟ್ ಸುಡಾನಿಗೆ ಹೋಗಲಾರದವರೂ ಕೆಲವರಿದ್ದರು. ಅವರಿಗಾಗಿ ಏಪ್ರಿಲ್ 27ರ ರಾತ್ರಿ ವಾಯುಪಡೆಯ ವಿಮಾನವೊಂದು ಖಾರ್ಟೂಮಿನ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದ ವಾದಿ ಸಯ್ಯಿದ್ನಾ ಎಂಬಲ್ಲಿ ಇಳಿಯಿತು. ಅಲ್ಲಿನ ಓಡುದಾರಿ ಹಾಳಾಗಿದ್ದಿತು, ದೀಪಗಳಿರಲಿಲ್ಲ, ದಾರಿ ತೋರುವ ಉಪಕರಣಗಳೂ ಇರಲಿಲ್ಲ. ಚಾಲಕರು ಕತ್ತಲೆಯಲ್ಲಿ ಕಾಣಿಸುವ ವಿಶೇಷ ಕನ್ನಡಕಗಳನ್ನು ಧರಿಸಿ ವಿಮಾನವನ್ನಿಳಿಸಿದರು. ಯಂತ್ರಗಳನ್ನು ನಿಲ್ಲಿಸದೆಯೇ 121 ಮಂದಿಯನ್ನು ಹತ್ತಿಸಿಕೊಂಡು ಮರಳಿ ಹಾರಿದರು. ಆ ಪ್ರಯಾಣಿಕರಲ್ಲಿ ಒಬ್ಬ ಗರ್ಭಿಣಿಯೂ ಇದ್ದಳು. ಮೇ 5ರಂದು ಕಾರ್ಯಾಚರಣೆ ಮುಗಿಯುವ ವೇಳೆಗೆ ಒಟ್ಟು 3,862 ಮಂದಿಯನ್ನು ಹೊರತರಲಾಗಿತ್ತು. ಇದಕ್ಕಾಗಿ ವಾಯುಪಡೆಯ ವಿಮಾನಗಳು 17 ಬಾರಿ ಹಾರಾಟ ನಡೆಸಿದವು. ನೌಕಾಪಡೆಯ ಹಡಗುಗಳು ಐದು ಬಾರಿ ಸಮುದ್ರವನ್ನು ದಾಟಿದವು. ಹಕ್ಕಿಪಿಕ್ಕಿ ಕುಟುಂಬಗಳೂ ಸ್ವದೇಶವನ್ನು ಸೇರಿದವು.

ಇಂತಹ ಕಾರ್ಯಕ್ಕೆ ಹಿಂದಿನ ಅನುಭವದ ನೆರವೂ ಇದ್ದಿತು. 1990ರ ಆಗಸ್ಟ್‌ನಲ್ಲಿ ಇರಾಕ್ ದೇಶವು ಕುವೈತನ್ನು ಆಕ್ರಮಿಸಿದಾಗ, ಒಂದು ಲಕ್ಷಕ್ಕೂ ಹೆಚ್ಚು ಮಂದಿ ಭಾರತೀಯರನ್ನು ಸುಮಾರು ಎರಡು ತಿಂಗಳ ಅವಧಿಯಲ್ಲಿ ಜೋರ್ಡಾನಿನ ಅಮ್ಮಾನ್ ನಗರದ ಮಾರ್ಗವಾಗಿ ಕರೆತರಲಾಗಿತ್ತು. 2015ರಲ್ಲಿ ಯೆಮೆನ್ ದೇಶದಿಂದ 4,600ಕ್ಕೂ ಹೆಚ್ಚು ಭಾರತೀಯರೊಡನೆ ಹಲವು ಅನ್ಯದೇಶಗಳ ಪ್ರಜೆಗಳನ್ನೂ ರಕ್ಷಿಸಲಾಯಿತು. ಈ ಅನುಭವಗಳಿಂದ ಒಂದು ಸಂಗತಿ ವ್ಯಕ್ತವಾಗುತ್ತದೆ. ಯಾರು ಎಲ್ಲಿದ್ದಾರೆಂಬುದು ತಿಳಿದಿದ್ದರೆ ಮಾತ್ರ ಅವರನ್ನು ಕರೆತರುವುದು ಸಾಧ್ಯ. ಆದುದರಿಂದ ಪರದೇಶಕ್ಕೆ ಹೋದವರು ರಾಯಭಾರ ಕಚೇರಿಯಲ್ಲಿ ತಮ್ಮ ಹೆಸರು, ವಿಳಾಸಗಳನ್ನು ದಾಖಲಿಸುವುದು, ಪಾಸ್‌ಪೋರ್ಟನ್ನು ತಮ್ಮ ಬಳಿಯಲ್ಲಿಯೇ ಇಟ್ಟುಕೊಳ್ಳುವುದು ಅತ್ಯಗತ್ಯ. ಶಾಂತಿಯ ದಿನಗಳಲ್ಲಿ ಕ್ಷುಲ್ಲಕವೆಂದು ತೋರುವ ಈ ಎಚ್ಚರವು ಆಪತ್ಕಾಲದಲ್ಲಿ ಪ್ರಾಣವನ್ನುಳಿಸುತ್ತದೆ.

ಮನೆ ಸೇರಿದ ಮಾತ್ರಕ್ಕೆ ಈ ಪ್ರಯಾಣದ ಕಥೆ ಮುಗಿಯುವುದಿಲ್ಲ. 'ಬದುಕಿದೆಯಾ ಬಡಜೀವವೇ' ಎಂದು ನಿಟ್ಟುಸಿರಿಟ್ಟ ಮರುದಿನವೇ ಸಾಲ, ಮಕ್ಕಳ ಓದು, ಮುಂದಿನ ಉದ್ಯೋಗಗಳ ಚಿಂತೆ ಎದುರಿಗೆ ನಿಲ್ಲುತ್ತದೆ. ಮರಳಿ ಬಂದವನಿಗೆ ವಿಮಾನದ ಏರ್ಪಾಡಿನಷ್ಟೇ ಅವಶ್ಯವಾದುದು ಊರಿನಲ್ಲಿ ಬದುಕಲು ಒಂದು ದಾರಿ.

ಮರಳಲು ಬೇರೊಂದು ನಾಡೇ ಇಲ್ಲದವರನ್ನೂ ನಾವು ಮರೆಯಬಾರದು. ಭಾರತೀಯರು ಹೊರಟುಬಂದ ಮೇಲೂ ಸುಡಾನಿನ ಯುದ್ಧ ನಿಲ್ಲಲಿಲ್ಲ. ಒಂದು ಕೋಟಿಗೂ ಹೆಚ್ಚು ಜನ ಮನೆಮಠಗಳನ್ನು ಕಳೆದುಕೊಂಡರು. ಅವರಲ್ಲಿ ಲಕ್ಷಾಂತರ ಮಂದಿ ಚಾಡ್, ಈಜಿಪ್ಟ್ ಮುಂತಾದ ನೆರೆಯ ದೇಶಗಳಿಗೆ ವಲಸೆ ಹೋದರು. ಹಕ್ಕಿಪಿಕ್ಕಿಗಳು ತೈಲ ಮಾರುತ್ತಿದ್ದ ಅಲ್ ಫಶೀರ್ ಪಟ್ಟಣವು ದೀರ್ಘಕಾಲದ ಮುತ್ತಿಗೆಯ ಬಳಿಕ 2025ರ ಅಕ್ಟೋಬರ್‌ನಲ್ಲಿ ಕ್ಷಿಪ್ರ ಬೆಂಬಲ ಪಡೆಯ ವಶವಾಯಿತು. ನಮ್ಮವರಿಂದ ತೈಲ ಕೊಂಡು, ಅವರಿಗೆ ಬಾಡಿಗೆಗೆ ಮನೆ ಕೊಟ್ಟು, ಅಂಗಡಿಯ ನೆರೆಯವರಾಗಿದ್ದ ಜನರೇ ಆ ಪಟ್ಟಣದ ನಿವಾಸಿಗಳು. ಅವರನ್ನು ಕರೆದೊಯ್ಯಲು ಯಾವ ಹಡಗೂ ಬರಲಿಲ್ಲ.