ಹಂಸಗಳು ಗಂಟೆ ಬಾರಿಸುವ ಊರು

ಆ ಕುದುರೆ ಸವಾರನಿಗೆ ಬಿಡುವೇ ಇಲ್ಲ. ಹದಿನೈದು ನಿಮಿಷಕ್ಕೊಮ್ಮೆ ಗಡಿಯಾರದ ಮೇಲಿನ ಪುಟ್ಟ ಗೋಪುರವನ್ನು ಮರದ ಸವಾರರು ಸುತ್ತತೊಡಗುತ್ತಾರೆ. ಎದುರಾಬದುರಾದಾಗಲೆಲ್ಲ ಅವರಲ್ಲೊಬ್ಬ ಪೆಟ್ಟು ತಿಂದು ಕುದುರೆಯ ಬೆನ್ನ ಮೇಲೆ ಅಂಗಾತ ಬೀಳುತ್ತಾನೆ. ಮುಂದಿನ ಸುತ್ತಿಗೆ ಎದ್ದು ಕೂತಿರುತ್ತಾನೆ, ಮತ್ತೆ ಬೀಳಲಿಕ್ಕೆ. ನೂರಾರು ವರ್ಷಗಳಿಂದ ಬೀಳುತ್ತಿರುವವನು ಅವನೊಬ್ಬನೇ. ಬಲಕ್ಕೆ ಮೇಲೆ ಕೂತ ಜ್ಯಾಕ್ ಬ್ಲಾಂಡಿಫರ್ಸ್ ಎಂಬ ಬೊಂಬೆ ಕೈಯಲ್ಲಿ ಸುತ್ತಿಗೆ ಹಿಡಿದು ಎದುರಿನ ಗಂಟೆಗೆ ಹೊಡೆಯುತ್ತದೆ, ಹಿಮ್ಮಡಿಯಿಂದ ಕೆಳಗಿನ ಗಂಟೆಗಳನ್ನು ಒದೆಯುತ್ತದೆ.

ಇಂಗ್ಲೆಂಡಿನ ನೈರುತ್ಯದಲ್ಲಿ, ಸಾಮರ್‌ಸೆಟ್ ಸೀಮೆಯ ಮೆಂಡಿಪ್ ಬೆಟ್ಟಗಳ ಬುಡದಲ್ಲಿರುವ ವೆಲ್ಸ್ ಊರಿನ ಕೆಥೆಡ್ರಲ್ ಗಡಿಯಾರ ಇದು. ಸುಮಾರು 1390ರದ್ದು. ಫಲಕದ ನಡುವೆ ಭೂಮಿ, ಅದನ್ನು ಸುತ್ತುವ ಸೂರ್ಯ, ಚಂದ್ರ. ಕೋಪರ್ನಿಕಸ್ ಹುಟ್ಟುವುದಕ್ಕೂ ಮೊದಲಿನ ಲೋಕ. ಹೊರ ವೃತ್ತದಲ್ಲಿ 24 ಗಂಟೆಗಳು, ಒಳಗಿನದರಲ್ಲಿ ನಿಮಿಷ, ಅದರೊಳಗೆ ಚಂದ್ರನ ದಿನಗಳು. ಹಳೆಯ ಕಬ್ಬಿಣದ ಯಂತ್ರ ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ. ಅದರ ಜಾಗಕ್ಕೆ ಬಂದ ಹೊಸ ಯಂತ್ರಕ್ಕೆ 2010ರವರೆಗೂ ಕೈಯಿಂದಲೇ ಕೀ ಕೊಡುತ್ತಿದ್ದರು.

ಹತ್ತು ಹನ್ನೆರಡು ಸಾವಿರ ಜನರಿರುವ ವೆಲ್ಸ್ ಲೆಕ್ಕಕ್ಕೆ ನಗರ, ನೋಟಕ್ಕೆ ಸಂತೆಪೇಟೆ. ಲಂಡನ್ನಿನೊಳಗಿನ ‘ಸಿಟಿ’ಯನ್ನು ಬಿಟ್ಟರೆ ಇಂಗ್ಲೆಂಡಿನಲ್ಲಿ ಇದಕ್ಕಿಂತ ಸಣ್ಣ ನಗರವಿಲ್ಲ. ಬಾತ್, ಸ್ಟೋನ್‌ಹೆಂಜ್ ನೋಡಲು ಹೊರಟ ಪ್ರವಾಸಿ ಬಸ್ಸುಗಳು ಇಲ್ಲಿ ಒಂದೆರಡು ಗಂಟೆ ನಿಲ್ಲುತ್ತವೆ. ಜನ ಇಳಿದು, ಕೆಥೆಡ್ರಲ್ಲಿನ ಮುಂಭಾಗದ ಫೋಟೊ ತೆಗೆದು, ಐಸ್‌ಕ್ರೀಂ ತಿಂದು ಹೊರಡುತ್ತಾರೆ. ಅವರಿಗೆ ತಪ್ಪಿಹೋಗುವುದೇ ಈ ಊರಿನ ಸೊಗಸು: ಇಲ್ಲಿ ಹಳೆಯದು ಯಾವುದೂ ನಿವೃತ್ತಿಯಾಗಿಲ್ಲ. ಗಡಿಯಾರ ಹೊಡೆಯುತ್ತದೆ, ಕಾಲುವೆ ಹರಿಯುತ್ತದೆ, ಹಾಡುವವರಿಗಾಗಿ ಕಟ್ಟಿದ ಮನೆಗಳಲ್ಲಿ ಹಾಡುವವರೇ ಇದ್ದಾರೆ.

ಮುಂಭಾಗ ಚೆನ್ನಾಗಿಲ್ಲವೆಂದಲ್ಲ. ಹದಿಮೂರನೇ ಶತಮಾನದ ಸುಮಾರು 300 ಪ್ರತಿಮೆಗಳು ಆ ಗೋಡೆಯಲ್ಲಿ ಉಳಿದಿವೆ; ಒಂದು ಕಾಲಕ್ಕೆ ಅವಕ್ಕೆಲ್ಲ ಬಣ್ಣವಿತ್ತು. 1685ರಲ್ಲಿ ಮಾನ್‌ಮತ್ ಡ್ಯೂಕನ ದಂಗೆಕೋರರು ನುಗ್ಗಿ ಹಲವನ್ನು ಒಡೆದರು, ಚಾವಣಿಯ ಸೀಸ ಕಿತ್ತು ಗುಂಡು ಎರಕ ಹೊಯ್ದರು. ಆ ಸಾಲುಗಳ ನಡುವೆ ಗೋಡೆಯಲ್ಲಿ ಸಣ್ಣ ತೂತುಗಳಿವೆ. ಒಳಗೊಂದು ಇಕ್ಕಟ್ಟಾದ ಓಣಿ. ಗರಿಗಳ ಭಾನುವಾರದ ಮೆರವಣಿಗೆ ಬಾಗಿಲಿಗೆ ಬಂದಾಗ ಹುಡುಗರು ಅಲ್ಲಿ ಅಡಗಿ ನಿಂತು ಹಾಡುತ್ತಿದ್ದರು. ಹೊರಗಿದ್ದವರಿಗೆ ಕಲ್ಲಿನ ದೇವದೂತರೇ ಬಾಯಿ ತೆರೆದಂತೆ ಕೇಳಬೇಕು, ಅದು ಉಪಾಯ. ಇಂಥ ನಾಟಕದ ಬುದ್ಧಿ ಈ ಊರಿನಲ್ಲಿ ಮತ್ತೆ ಮತ್ತೆ ಸಿಗುತ್ತದೆ.

ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಕತ್ತರಿ ಕಮಾನು. ಒಂದು ಕಮಾನಿನ ನೆತ್ತಿಯ ಮೇಲೆ ಇನ್ನೊಂದನ್ನು ತಲೆಕೆಳಗಾಗಿ ನಿಲ್ಲಿಸಿದಂತಿದೆ. ಎರಡೂ ಬದಿಗೆ ದೊಡ್ಡ ಕಣ್ಣಿನಂಥ ಬಳೆಗಳು. ಇಪ್ಪತ್ತನೇ ಶತಮಾನದ ಯಾವನೋ ವಾಸ್ತುಶಿಲ್ಪಿಯ ಕೆಲಸವೆಂದು ನಂಬುವವರುಂಟು. ನಿಜಕ್ಕೂ ಇದು ರಿಪೇರಿ. 1313ರಲ್ಲಿ ನಡುಗೋಪುರವನ್ನು ಎತ್ತರಿಸಲು ಹೊರಟರು. ಭಾರ ತಾಳದೆ ಅಡಿಪಾಯ ಕುಸಿಯಿತು, ಬಿರುಕು ಬಿಟ್ಟಿತು. ವಿಲಿಯಂ ಜಾಯ್ ಎಂಬ ಮೇಸ್ತ್ರಿ 1338ರಿಂದ ಹತ್ತು ವರ್ಷದಲ್ಲಿ ಮೂರು ಕಡೆ ಈ ಜೋಡಿ ಕಮಾನುಗಳನ್ನು ತೊಡಿಸಿ ಭಾರವನ್ನು ಹಂಚಿದ. ಗೋಪುರ ಇನ್ನೂ ನಿಂತಿದೆ. ಕಮಾನು ಅಡ್ಡ ಬಂದು ನೋಟ ಕೆಡಿಸಿತೆಂದು ಗೊಣಗುವ ಪಂಡಿತರಿದ್ದಾರೆ. ನನಗಂತೂ ಇಡೀ ಕಟ್ಟಡದಲ್ಲಿ ಅತ್ಯಂತ ಧೈರ್ಯದ ಕೆಲಸ ಇದೇ ಅನ್ನಿಸುತ್ತದೆ.

ದಕ್ಷಿಣದ ತೋಳಿಗೆ ಹೋಗಿ ಕತ್ತು ಮೇಲೆತ್ತಿ, ಕಂಬಗಳ ತಲೆಗಳನ್ನು ನೋಡಿ. ಎಲೆ ಬಳ್ಳಿಗಳ ನಡುವೆ ದೇವರೂ ಇಲ್ಲ, ಸಂತರೂ ಇಲ್ಲ; ಊರಿನವರಿದ್ದಾರೆ. ಒಬ್ಬ ಕಾಲಿಗೆ ಚುಚ್ಚಿದ ಮುಳ್ಳು ಕೀಳುತ್ತಿದ್ದಾನೆ. ಒಂದು ಕಂಬದ ಸುತ್ತ ಪೂರಾ ಕಥೆಯೇ ಇದೆ: ಇಬ್ಬರು ತೋಟದಲ್ಲಿ ಹಣ್ಣು ಕದ್ದು ಬುಟ್ಟಿ ತುಂಬುತ್ತಾರೆ, ಯಾರೋ ಹೋಗಿ ತೋಟದವನಿಗೆ ಹೇಳುತ್ತಾರೆ, ಒಬ್ಬ ಕಳ್ಳನ ಕಿವಿ ಸಿಕ್ಕಿಬೀಳುತ್ತದೆ, ಇನ್ನೊಬ್ಬನ ತಲೆಯ ಮೇಲೆ ಕವೆಗೋಲು ಇಳಿಯುತ್ತದೆ. ಅಲ್ಲೇ ಹಲ್ಲುನೋವಿನವನೂ ಇದ್ದಾನೆ, ಬೆರಳಿನಿಂದ ತುಟಿ ಎಳೆದು ಬಾಯಿ ತೋರಿಸುತ್ತಾ. 1274ರಲ್ಲಿ ತೀರಿಕೊಂಡ ಬಿಷಪ್ ಎರಡನೇ ವಿಲಿಯಂ ಬಿಟನ್‌ನ ಗೋರಿಯೂ ಇದೇ ಕೆಥೆಡ್ರಲ್ಲಿನಲ್ಲಿದೆ. ಅಲ್ಲಿ ಹರಕೆ ಹೊತ್ತರೆ ಹಲ್ಲುನೋವು ವಾಸಿಯಾಗುತ್ತದೆಂದು ಜನ ದೂರದೂರದಿಂದ ಬರುತ್ತಿದ್ದರು. 1848ರಲ್ಲಿ ಗೋರಿ ತೆರೆದಾಗ ಬಿಷಪ್ಪನ ಹಲ್ಲುಗಳೆಲ್ಲ ನೆಟ್ಟಗಿದ್ದವಂತೆ.

ಉತ್ತರದ ತೋಳಿನಿಂದ ಚಾಪ್ಟರ್ ಹೌಸಿಗೆ ಏರುವ ಮೆಟ್ಟಿಲುಗಳು ತುಳಿತುಳಿದು ಅಲೆಯಂತೆ ಸವೆದಿವೆ. ಮೇಲೆ ಎಂಟು ಮೂಲೆಯ ಸಭಾಭವನ. ನಡುವಿನ ಒಂದೇ ಕಂಬದಿಂದ 32 ಏಣುಗಳು ಚಿಮ್ಮಿ ಚಾವಣಿಯನ್ನು ಹಿಡಿದಿವೆ. ಬಲಕ್ಕೆ ತಿರುಗದೆ ನೇರ ಹತ್ತಿದರೆ ಅದೇ ಮೆಟ್ಟಿಲುಗಳು 1459ರಲ್ಲಿ ರಸ್ತೆಯ ಮೇಲೆ ಕಟ್ಟಿದ ಚೈನ್ ಗೇಟ್ ಸೇತುವೆಗೆ, ಅಲ್ಲಿಂದ ಗಾಯಕರ ಊಟದ ಮನೆಗೆ ಸೇರುತ್ತವೆ. ಈ ಗಾಯಕರಿಗೆ ವಿಕಾರ್‌ಗಳೆಂದು ಹೆಸರು; ಪೂಜೆಯಲ್ಲಿ ಹಿರಿಯ ಪಾದ್ರಿಗಳ ಬದಲಿಗೆ ಹಾಡುವವರು. ಊರೊಳಗೆ ಅಲ್ಲಲ್ಲಿ ಬಿಡಾರ ಹೂಡಿ ಇವರು ಕೆಟ್ಟುಹೋಗುತ್ತಾರೆಂದು ಬಿಷಪ್ ರಾಲ್ಫ್ 1348ರಲ್ಲಿ ಇವರಿಗೊಂದು ಕೇರಿಯನ್ನೇ ಮಾಡಿಕೊಟ್ಟ. ಅದು ವಿಕಾರ್ಸ್ ಕ್ಲೋಸ್. ಎದುರುಬದುರು ಕಲ್ಲಿನ ಮನೆಸಾಲು, ಎತ್ತರದ ಚಿಮಣಿಗಳು, ತುದಿಯಲ್ಲಿ ಪುಟ್ಟ ಪ್ರಾರ್ಥನಾಮಂದಿರ. ಬಾಗಿಲಲ್ಲಿ ನಿಂತು ನೋಡಿದರೆ ಬೀದಿ ಬಲು ಉದ್ದ. ತುದಿಗೆ ನಡೆದು ತಿರುಗಿ ನೋಡಿದರೆ ಮೋಟು. ತುದಿಯಲ್ಲಿ ಬೀದಿಯ ಅಗಲವನ್ನು ಸುಮಾರು ಮೂರು ಮೀಟರ್ ಕಮ್ಮಿ ಮಾಡಿದ್ದಾರೆ, ಅಷ್ಟೇ. ಮನೆಗಳ ಮುಂದೆ ಈಗಲೂ ಹೂಕುಂಡ, ಕಸದ ಡಬ್ಬಿ. ಕೆಲವರು ಸಂಜೆ ಹಾಡಲು ಹೋಗಬೇಕಾದವರು.

ಬಿಷಪ್ಪನ ಅರಮನೆ ದಕ್ಷಿಣಕ್ಕೆ, ಕಂದಕದ ಆಚೆ. ದೇವರ ಸೇವಕನಿಗೆ ಕಂದಕವೇಕೆ ಎನ್ನಬೇಡಿ. ಅದನ್ನು ತೋಡಿಸಿದ್ದೂ ಅದೇ ರಾಲ್ಫ್, ಊರಿನವರಿಗೂ ಅವನಿಗೂ ಅಷ್ಟು ಸರಿಯಿರಲಿಲ್ಲ. ಈಗ ಅದರಲ್ಲಿ ಹಂಸಗಳಿವೆ. ಹೆಬ್ಬಾಗಿಲಿನ ಕಿಟಕಿಯಿಂದ ನೀರಿನವರೆಗೆ ಒಂದು ಹಗ್ಗ ಇಳಿಬಿಟ್ಟಿದೆ. ಹಸಿವಾದಾಗ ಹಂಸ ಕೊಕ್ಕಿನಿಂದ ಅದನ್ನೆಳೆದು ಗಂಟೆ ಬಾರಿಸುತ್ತದೆ, ಕಿಟಕಿಯಿಂದ ಆಹಾರ ಬೀಳುತ್ತದೆ. 1850ರ ದಶಕದಲ್ಲಿ ಆಗಿನ ಬಿಷಪ್ಪರ ಮಗಳು ಕಲಿಸಿದ ಅಭ್ಯಾಸ. ಮರಿಗಳು ದೊಡ್ಡವನ್ನು ನೋಡಿ ಕಲಿಯುತ್ತವೆ. ತೋಟದೊಳಗೆ ಬುಗ್ಗೆಗಳು ಉಕ್ಕುವ ಕೊಳವಿದೆ, ಅದರಲ್ಲಿ ಕೆಥೆಡ್ರಲ್ಲಿನ ಬಿಂಬ. ಒಳ್ಳೆಯ ಫೋಟೊ ಸಿಗುವುದು ಇಲ್ಲಿ, ಮುಂಭಾಗದಲ್ಲಲ್ಲ.

ಆ ಬುಗ್ಗೆಯ ನೀರನ್ನು 1451ರಲ್ಲಿ ಬಿಷಪ್ ಬೆಕಿಂಗ್ಟನ್ ಪೇಟೆಗೆ ಬಿಟ್ಟುಕೊಟ್ಟ. ಬದಲಿಗೆ ಊರಿನ ಪ್ರಮುಖರು ವರ್ಷಕ್ಕೊಮ್ಮೆ ತನ್ನ ಗೋರಿಯ ಬಳಿ ಬಂದು ಪ್ರಾರ್ಥಿಸಬೇಕು ಅನ್ನುವ ಕರಾರು. ನೀರು ಈಗಲೂ ಹೈಸ್ಟ್ರೀಟಿನ ಅಂಗಡಿಗಳ ಮುಂದೆ ಮೋರಿಗುಂಟ ಹರಿಯುತ್ತದೆ. ಬುಧವಾರ, ಶನಿವಾರ ಸಂತೆ. ಇದೇ ಸೀಮೆಯ ಚೆಡ್ಡರ್ ಚೀಸ್, ಸೇಬಿನ ಸೈಡರ್ ತಪ್ಪದೆ ರುಚಿ ನೋಡಿ. ಸಂತೆ ಚೌಕದ ನೆಲದಲ್ಲಿ ಒಂದು ಅಳತೆಯ ಗುರುತಿದೆ: 6.76 ಮೀಟರ್. ಇದೇ ಊರಿನಲ್ಲಿ ಹುಟ್ಟಿದ ಮೇರಿ ರ್‍ಯಾಂಡ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಿಗಿದ ದೂರ, ಆಗಿನ ವಿಶ್ವದಾಖಲೆ. ಅಥ್ಲೆಟಿಕ್ಸ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಬ್ರಿಟಿಷ್ ಮಹಿಳೆ ಅವರು. ಈ ತುದಿಯಲ್ಲಿ ನಿಂತು ಆ ತುದಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ‘ಹಾಟ್ ಫಜ್’ ಸಿನಿಮಾ ನೋಡಿದವರಿಗೆ ಈ ಬೀದಿಗಳು ಪರಿಚಿತ. ಇಲ್ಲೇ ಬೆಳೆದ ನಿರ್ದೇಶಕ ಎಡ್ಗರ್ ರೈಟ್, ತನ್ನ ಕಥೆಯ ಹಳ್ಳಿಗೆ ಕೆಥೆಡ್ರಲ್ ಹೊಂದುವುದಿಲ್ಲವೆಂದು ಅದನ್ನು ಕಂಪ್ಯೂಟರಿನಲ್ಲಿ ಅಳಿಸಿಹಾಕಿದರು.

ವೂಕಿ ಹೋಲ್ ಗುಹೆ, ಗ್ಲಾಸ್ಟನ್‌ಬರಿ ಗುಡ್ಡ ಹತ್ತಿರದಲ್ಲೇ ಇವೆ. ದಿನ ಉಳಿದರೆ ಹೋಗಿ.

ಇಲ್ಲಿಗೆ ರೈಲಿಲ್ಲ. ಹಳಿಗಳು 1960ರ ದಶಕದಲ್ಲೇ ಹೋದವು. ಬ್ರಿಸ್ಟಲ್ ಅಥವಾ ಬಾತ್‌ನಿಂದ ಬಸ್ಸು ಹಿಡಿಯಬೇಕು. ಹಗಲಿನ ಸುತ್ತಾಟವನ್ನು ಸಂಜೆಯ ಈವನ್‌ಸಾಂಗ್ ಪ್ರಾರ್ಥನೆಗೆ ಹೊಂದಿಸಿಕೊಳ್ಳಿ. ಅದಕ್ಕೆ ಟಿಕೆಟ್ ಇಲ್ಲ, ಯಾವ ಧರ್ಮದವರೆಂದು ಯಾರೂ ಕೇಳುವುದಿಲ್ಲ. ಸ್ವಲ್ಪ ಮುಂಚೆ ಹೋದರೆ ಗಾಯಕರ ಪಕ್ಕದ ಮರದ ಪೀಠಗಳಲ್ಲೇ ಜಾಗ ಸಿಗಬಹುದು. ಇಲ್ಲಿನ ಮಕ್ಕಳು ಹಾಡುವುದು ಶಾಲೆಯಿದ್ದಾಗ ಮಾತ್ರ. ರಜೆಯಲ್ಲಿ ಬೇರೆ ಊರಿನ ತಂಡಗಳು ಬಂದು ಹಾಡುತ್ತವೆ. ಹಾಗಾಗಿ ಆಗಸ್ಟಿಗಿಂತ ಮೇ, ಜೂನ್ ವಾಸಿ. ಹೊರಡುವ ಮುನ್ನ ಕೊನೆಯ ಬಸ್ಸಿನ ವೇಳೆಯನ್ನೂ ನೋಡಿಟ್ಟುಕೊಳ್ಳಿ.