ನೆತ್ತಿಯ ಗಾಯಕ್ಕೆ ಹೊಸ ಹೊದಿಕೆ

ನಮ್ಮ ಹಿರಿಯರು ರುಮಾಲು ಸುತ್ತದೆ ಹೊಲಕ್ಕೆ ಹೊರಡುತ್ತಿರಲಿಲ್ಲ. ಅದು ಮರ್ಯಾದೆಯ ಕುರುಹು. ನೆತ್ತಿಗೆ ನೆರಳೂ ಹೌದು. ಬಿಳಿ ಮೈಬಣ್ಣದವರೇ ಹೆಚ್ಚಾಗಿರುವ ಆಸ್ಟ್ರೇಲಿಯಾದಂತಹ ಬಿಸಿಲ ನಾಡಿನಲ್ಲಿ ಬೋಳುತಲೆಯ ವೃದ್ಧರಿಗೆ ನೆತ್ತಿಯ ಚರ್ಮದ ಕ್ಯಾನ್ಸರ್ ಅಪರೂಪವಲ್ಲ. ನಮ್ಮನ್ನು ಚರ್ಮದ ಕಪ್ಪು ಬಣ್ಣವೇ ಬಹುಮಟ್ಟಿಗೆ ಕಾಯುತ್ತದೆ. ಆದರೂ ಹಳೆಯ ಸುಟ್ಟಗಾಯದ ಕಲೆಯಲ್ಲಿ ಈ ರೋಗ ತಲೆದೋರುವುದುಂಟು. ವಾರಗಟ್ಟಲೆ ಮಾಯದ ಹುಣ್ಣನ್ನು ಮನೆಮದ್ದಿನಲ್ಲಿ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು.

ಕ್ಯಾನ್ಸರನ್ನು ಕತ್ತರಿಸಿ ತೆಗೆಯುವುದು ಚಿಕಿತ್ಸೆಯ ಅರ್ಧ ಮಾತ್ರ. ನೆತ್ತಿಯ ಚರ್ಮ ಬಿಗಿಯಾದುದು. ದೊಡ್ಡ ಗಾಯವನ್ನು ಎಳೆದು ಹೊಲಿಯಲು ಬಾರದು. ತೊಡೆಯ ತೆಳುಚರ್ಮವನ್ನು ತಂದು ಅಂಟಿಸಬಾರದೇ ಎಂದು ಕೇಳಬಹುದು. ಒಕ್ಕಲುತನ ಬಲ್ಲವರಿಗೆ ಉತ್ತರ ತಿಳಿದೇ ಇದೆ: ಬರಿಬಂಡೆಯ ಮೇಲೆ ಸಸಿ ಬೇರೂರೀತೇ? ಎಲುಬನ್ನು ಹೊದ್ದ ಪೊರೆಯೂ ಕ್ಯಾನ್ಸರಿನೊಡನೆ ಹೋಗಿದ್ದರೆ ರಕ್ತದ ಆಸರೆಯಿಲ್ಲದೆ ನಾಟಿ ಚರ್ಮ ಒಣಗುತ್ತದೆ. ರಕ್ತನಾಳ ಸಮೇತ ಬೇರೆಡೆಯ ಮಾಂಸಚರ್ಮವನ್ನು ತಂದು ಕೂಡಿಸುವ ದೀರ್ಘ ಶಸ್ತ್ರಕ್ರಿಯೆಯನ್ನು ಎಂಬತ್ತರ ಹೃದ್ರೋಗಿ ತಾಳುವುದು ಕಷ್ಟ.

ಇಲ್ಲಿ ನೆರವಿಗೆ ಬರುವುದು ಕೃತಕ ಚರ್ಮ. ಅಮೆರಿಕದ ಶಸ್ತ್ರವೈದ್ಯ ಜಾನ್ ಬರ್ಕ್ ಮತ್ತು ವಿಜ್ಞಾನಿ ಯಾನಿಸ್ ಯಾನಸ್ ಸುಟ್ಟಗಾಯದವರಿಗಾಗಿ ರೂಪಿಸಿ 1981ರಲ್ಲಿ ವರದಿ ಮಾಡಿದ ಹಾಳೆಯೇ ಮುಂದೆ 'ಇಂಟೆಗ್ರಾ' ಆಯಿತು. ಕೆಳಪದರ ದನದ ಕೊಲಾಜೆನ್ ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯ ಸತ್ವದ್ದು, ಮೇಲ್ಪದರ ಸಿಲಿಕೋನಿನದು. ತಲೆಬುರುಡೆಯ ಮೇಲ್ಮೈಯನ್ನು ರಕ್ತದ ಚುಕ್ಕೆಗಳು ಕಾಣುವವರೆಗೆ ಹದವಾಗಿ ಕೊರೆದು ಇದನ್ನು ಹಾಸುತ್ತಾರೆ. ಮೂರು ನಾಲ್ಕು ವಾರಗಳಲ್ಲಿ ರಕ್ತನಾಳಗಳು ಅದರೊಳಗೆ ಹಬ್ಬುತ್ತವೆ. ಬಳಿಕ ಸಿಲಿಕೋನನ್ನು ಸುಲಿದು ತೊಡೆಯ ತೆಳುಚರ್ಮವನ್ನು ಕೂಡಿಸುತ್ತಾರೆ. ಎರಡು ಬಾರಿ ಶಸ್ತ್ರಕ್ರಿಯೆ ಎಂಬುದು ತೊಡಕೇ ಸರಿ. ಆದರೆ ನಡುವಿನ ಅವಧಿಯಲ್ಲಿ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂಬ ಪರೀಕ್ಷಾ ವರದಿ ಕೈಸೇರುತ್ತದೆ. ಇದು ಸಣ್ಣ ಲಾಭವಲ್ಲ. ಹಾಳೆಯ ಅಡಿ ಸೋಂಕು ಸೇರಿದರೆ ಮಾತ್ರ ಶ್ರಮವೆಲ್ಲ ವ್ಯರ್ಥವಾದೀತು.

ಮತ್ತೊಂದು, ಹೆರಿಗೆಯಲ್ಲಿ ಹೊರಬರುವ ಗರ್ಭಪೊರೆ. 1910ರಷ್ಟು ಹಿಂದೆಯೇ ಡೇವಿಸ್ ಎಂಬ ವೈದ್ಯರು ಇದನ್ನು ಗಾಯಗಳಿಗೆ ಬಳಸಿದ್ದರು. ಇಂದು ಶುದ್ಧೀಕರಿಸಿ ಒಣಗಿಸಿದ ಹಾಳೆಗಳು ದೊರೆಯುತ್ತವೆ. ಹೊರರೋಗಿಯಾಗಿಯೇ ಇದ್ದು ಮತ್ತೆ ಮತ್ತೆ ಹಾಕಿಸಿಕೊಳ್ಳಬಹುದು. ಕೆಲವರಿಗೆ ತೊಡೆಯ ಚರ್ಮವೂ ಬೇಡವಾಗುತ್ತದೆ. ಆದರೆ ಗಾಯ ಮಾಯಲು ತಿಂಗಳುಗಳು ಬೇಕು, ತಾಳ್ಮೆಯೂ ಬೇಕು.

ಪ್ರಾಣಿಮೂಲದ ವಸ್ತು ಬೇಡವೆನ್ನುವ ಮನೆಗಳು ನಮ್ಮಲ್ಲಿ ಅನೇಕ. ಅವರು ಶಸ್ತ್ರಕ್ರಿಯೆಗೆ ಮೊದಲೇ ಸಂಕೋಚಪಡದೆ ಕೇಳಬೇಕು. ಆಸ್ಟ್ರೇಲಿಯಾದಲ್ಲಿ ಬೆಳೆದುಬಂದ 'ಬಿಟಿಎಂ' ಎಂಬ ಪಾಲಿಯುರೆಥೇನ್ ಹಾಳೆಯಲ್ಲಿ ಪ್ರಾಣಿಜನ್ಯವಾದುದು ಏನೂ ಇಲ್ಲ. ಅದಕ್ಕೂ ಎರಡನೆಯ ಶಸ್ತ್ರಕ್ರಿಯೆ ಬೇಕು.

ಮುಂದೆ ವಿಕಿರಣ ಚಿಕಿತ್ಸೆ ಪಡೆಯಬೇಕಾದವರಿಗೆ ತೆಳು ಹೊದಿಕೆ ಒಡೆಯುವ ಭಯವಿರುವುದರಿಂದ ವೈದ್ಯರು ದಪ್ಪ ಮಾಂಸಚರ್ಮವನ್ನೇ ಆರಿಸಬಹುದು. ಈ ಹಾಳೆಗಳಲ್ಲಿ ಯಾವುದನ್ನು ಹಾಕಿದರೂ ಆ ಜಾಗದಲ್ಲಿ ಕೂದಲು ಮರಳಿ ಬಾರದು. ಟೊಪ್ಪಿಗೆಯೋ ರುಮಾಲೋ ಜೊತೆಗಿರಲೇಬೇಕು.