ಹಬ್ಬದ ಹದವೆಲ್ಲ ನೀರಿನ ಹದ

ದೀಪಾವಳಿ ಹತ್ತಿರವಾಗುತ್ತಿದ್ದಂತೆ ಕಟಿಂಗ್ ಶಾಪ್‌ಗಳ ಮುಂದೆ ಜನ ಕಾಯತೊಡಗುತ್ತಾರೆ, ಮನೆಗಳಲ್ಲಿ ಬಾಣಲೆ ಒಲೆಗೇರುತ್ತದೆ. ಮಕ್ಕಳ ಮುಂಗೂದಲನ್ನು ಮನೆಯಲ್ಲೇ ಒಂದಿಷ್ಟು ಕತ್ತರಿಸಿಬಿಡೋಣ, ಚಕ್ಕುಲಿ ಕಜ್ಜಾಯಗಳನ್ನೂ ನಾವೇ ಮಾಡೋಣ ಎಂದು ಹೊರಡುವವರು ಕಡಿಮೆಯೇನಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಕ್ಷೌರದಂಗಡಿಗಳು ಬಾಗಿಲು ಹಾಕಿದಾಗ ಕತ್ತರಿ ಹಿಡಿದ ಹಲವರು ಆ ಅಭ್ಯಾಸವನ್ನು ಇನ್ನೂ ಬಿಟ್ಟಿಲ್ಲ. ಈ ಎರಡು ಕೆಲಸಗಳಲ್ಲಿ ಯಾವುದು ಕೆಟ್ಟರೂ ಕೇಳಿಬರುವ ಮಾತು ಒಂದೇ: ‘ಅದಕ್ಕೆಲ್ಲ ಕೈಗುಣ ಬೇಕು.’ ಕೆಲವರಿಗೆ ಹುಟ್ಟಿನಿಂದ ಬಂದಿದೆ, ಉಳಿದವರಿಗೆ ಬರುವುದೇ ಇಲ್ಲ ಎಂಬ ತೀರ್ಮಾನ ಆ ಮಾತಿನೊಳಗೇ ಇದೆ. ವಿಜ್ಞಾನದ ಕಣ್ಣಿನಿಂದ ನೋಡಿದರೆ ಈ ತೀರ್ಮಾನ ನಿಲ್ಲುವುದಿಲ್ಲ. ಕೂದಲು ಕತ್ತರಿಸುವಾಗಲೂ ಚಕ್ಕುಲಿ ಕರಿಯುವಾಗಲೂ ಆಗುವ ತಪ್ಪುಗಳಲ್ಲಿ ಬಹುಪಾಲು ಒಂದೇ ವಸ್ತುವಿನ ಲೆಕ್ಕ ತಪ್ಪಿದ್ದರಿಂದ ಆದವು. ಆ ವಸ್ತು ನೀರು. ಎಳೆಯೊಳಗೆ, ಹಿಟ್ಟಿನೊಳಗೆ, ಪಾಕದೊಳಗೆ, ಸುತ್ತಲಿನ ಗಾಳಿಯೊಳಗೆ ಅದು ಎಷ್ಟಿದೆ ಎಂದು ಅಂದಾಜು ಮಾಡಬಲ್ಲವರನ್ನೇ ನಾವು ಕೈಗುಣ ಉಳ್ಳವರು ಎನ್ನುತ್ತೇವೆ. ಆ ಅಂದಾಜನ್ನು ಯಾರು ಬೇಕಾದರೂ ಕಲಿಯಬಹುದು.

ಮೊದಲು ಕೂದಲನ್ನು ನೋಡೋಣ. ನೆತ್ತಿಯಿಂದ ಹೊರಬಂದ ಎಳೆಯಲ್ಲಿ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಹುರಿ. ಈ ಪ್ರೋಟೀನಿನ ಸರಪಳಿ ಸುರುಳಿಯಾಕಾರದಲ್ಲಿ ಸುತ್ತಿಕೊಂಡಿರುತ್ತದೆ. 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ ಉಣ್ಣೆ ಮತ್ತು ಕೂದಲಿನ ಮೇಲೆ ಎಕ್ಸ್ ಕಿರಣ ಹಾಯಿಸಿ, ಎಳೆದಾಗ ಒಳಗಿನ ರಚನೆಯೇ ಬದಲಾಗುವುದನ್ನು ತೋರಿಸಿದರು. ಆ ಸುರುಳಿಯ ಸರಿಯಾದ ಆಕಾರವನ್ನು 1951ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ವಿವರಿಸಿದರು. ಸುರುಳಿಗಳನ್ನು ಹಿಡಿದಿಡುವ ಬಂಧಗಳು ಮುಖ್ಯವಾಗಿ ಎರಡು ಬಗೆಯವು. ಗಂಧಕದ ಬಂಧಗಳು ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಹೈಡ್ರೋಜನ್ ಬಂಧಗಳು ಸಡಿಲ, ನೀರು ತಗುಲಿದೊಡನೆ ಬಿಟ್ಟುಕೊಳ್ಳುತ್ತವೆ, ಒಣಗಿದೊಡನೆ ಮತ್ತೆ ಕೂಡಿಕೊಳ್ಳುತ್ತವೆ. ಪೂರ್ತಿ ನೆನೆದ ಕೂದಲು ತನ್ನ ತೂಕದ ಸುಮಾರು ಶೇ. 30ರಷ್ಟು ನೀರನ್ನು ಹೀರಿಕೊಂಡಿರುತ್ತದೆ. ಅಷ್ಟು ನೀರು ಕುಡಿದರೂ ಅದು ತಾನಾಗಿ ಉದ್ದವಾಗುವುದು ಶೇ. 2ರಷ್ಟು ಮಾತ್ರ. ಹತ್ತು ಸೆಂಟಿಮೀಟರಿನ ಮುಂಗೂದಲಿಗೆ ಎರಡು ಮಿಲಿಮೀಟರ್ ಎಂದರೆ ಕಣ್ಣಿಗೆ ಕಾಣದ ವ್ಯತ್ಯಾಸ. ಹಾಗಿದ್ದರೆ ಹುಬ್ಬಿನ ಮಟ್ಟಕ್ಕೆ ಕತ್ತರಿಸಿದ ಒದ್ದೆ ಕೂದಲು ಒಣಗಿದ ಮೇಲೆ ಅರ್ಧ ಹಣೆಗೇ ಏಕೆ ನಿಲ್ಲುತ್ತದೆ? ಬಂಧಗಳು ಸಡಿಲವಾಗಿರುವಾಗ ಬಾಚಣಿಗೆ ಎಳೆದತ್ತ ಕೂದಲು ಹಿಗ್ಗುತ್ತದೆ, ಅದರ ಸಹಜವಾದ ಅಲೆ, ಗುಂಗುರು ಎಲ್ಲ ನೀರಿನ ಭಾರಕ್ಕೆ ನೇರವಾಗುತ್ತದೆ. ನೀರು ಆರಿದಂತೆ ಅಲೆ ಮರಳಿ ಬರುತ್ತದೆ. ಹೀಗಾಗಿ ನೇರ ಕೂದಲಿನವರಿಗೆ ಅಷ್ಟಾಗಿ ತಟ್ಟದ ಈ ತೊಂದರೆ ಗುಂಗುರು ಕೂದಲಿನವರಿಗೆ ದೊಡ್ಡದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕ್ಷೌರಿಕರು ಕತ್ತರಿ ಹಾಕುವ ಮುನ್ನ ನೀರು ಸಿಂಪಡಿಸುತ್ತಾರಲ್ಲ, ಅವರಿಗೆ ಇದು ಗೊತ್ತಿಲ್ಲವೇ? ಗೊತ್ತಿದೆ. ಒದ್ದೆ ಎಳೆ ಮೆತ್ತಗಾಗುತ್ತದೆ, ಒಂದಕ್ಕೊಂದು ಅಂಟಿ ಸಾಲಾಗಿ ನಿಲ್ಲುತ್ತದೆ, ಕತ್ತರಿಗೆ ಸುಲಭವಾಗಿ ಸಿಗುತ್ತದೆ. ಒಣಗಿದಾಗ ಎಷ್ಟು ಮೇಲೇರುತ್ತದೆ ಎಂಬ ಲೆಕ್ಕವನ್ನು ಅವರು ದಿನವೂ ಹತ್ತಾರು ತಲೆಗಳ ಮೇಲೆ ಮಾಡುತ್ತಾರೆ. ಮನೆಯವರಿಗೆ ಆ ಲೆಕ್ಕದ ಅಭ್ಯಾಸವಿಲ್ಲ. ಆದ್ದರಿಂದ ಮನೆಯಲ್ಲಿ ಕತ್ತರಿಸುವವರಿಗೆ ಒಣಗಿದ ಕೂದಲೇ ವಾಸಿ. ತಲೆಗೆ ಸ್ನಾನ ಮಾಡಿಸಿ, ಪೂರ್ತಿ ಒಣಗಲು ಬಿಟ್ಟು, ಬಾಚಣಿಗೆಯಿಂದ ಎಳೆದು ಹಿಡಿಯದೆ, ಅದು ತಾನಾಗಿ ಬಿದ್ದ ಜಾಗದಲ್ಲಿ ಸ್ವಲ್ಪ ಸ್ವಲ್ಪವೇ ಕತ್ತರಿಸಬೇಕು. ಎಲ್ಲವನ್ನೂ ನೀರಿನ ತಲೆಗೆ ಕಟ್ಟಲಾಗದು ಎಂಬ ಆಕ್ಷೇಪವೂ ಸರಿಯೇ. ಅಡುಗೆಮನೆಯ ಕತ್ತರಿಯಿಂದ ಕತ್ತರಿಸಿದರೆ ಒಣಗಿದ ಕೂದಲೂ ಹಲ್ಲುಹಲ್ಲಾಗುತ್ತದೆ. ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ತೋರಿಸಿದಂತೆ, ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆದುವಾದ ಕೂದಲು ಕೂಡ ಅಲಗಿನ ಅಂಚಿನಿಂದ ಚೂರುಗಳನ್ನು ಕೀಳಬಲ್ಲದು. ಎಳೆ ಬಾಗಿ ಅಲಗಿನ ದುರ್ಬಲ ಜಾಗಕ್ಕೆ ಓರೆಯಾಗಿ ಒತ್ತಿದಾಗ ಹಾಗಾಗುತ್ತದೆ. ಹಾಲಿನ ಪ್ಯಾಕೆಟ್ಟು, ಕೊತ್ತಂಬರಿ ಕತ್ತರಿಸಿ ಮೊಂಡಾದ ಕತ್ತರಿ ಎಳೆಯನ್ನು ತುಂಡರಿಸುವ ಬದಲು ಮಡಚಿ ಜಾರಿಸುತ್ತದೆ. ಹರಿತದ ಕೆಲಸವನ್ನು ಹರಿತವೇ ಮಾಡಬೇಕು. ಬೋಳಿಸಿದರೆ ಕೂದಲು ದಪ್ಪಗೆ ಬೆಳೆಯುತ್ತದೆಂಬ ನಂಬಿಕೆಯನ್ನಂತೂ 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ವಿಜ್ಞಾನಿ ಅಳತೆ ಮಾಡಿ ತಳ್ಳಿಹಾಕಿದ್ದಾರೆ. ತಪ್ಪಿದರೂ ಗಾಬರಿಯಾಗಬೇಕಿಲ್ಲ, ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ.

ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೂ ಈ ಲೆಕ್ಕದಲ್ಲಿ ಜಾಗವಿದೆ. ಕೂದಲು ಪದೇ ಪದೇ ನೆಂದು ಉಬ್ಬಿ, ಒಣಗಿ ಕುಗ್ಗುವಾಗ ಅದರ ಹೊರಪದರದ ಪೊರೆಗಳು ಸಡಿಲಾಗಿ ಪ್ರೋಟೀನು ಸೋರುತ್ತದೆ. 2003ರಲ್ಲಿ ಪ್ರಕಟವಾದ ಆರತಿ ರೆಲೆ ಮತ್ತು ಆರ್. ಬಿ. ಮೊಹಿಲೆ ಅವರ ಅಧ್ಯಯನ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿತು. ತೊಳೆಯುವ ಮುನ್ನ ಹಚ್ಚಿದಾಗ ಪ್ರೋಟೀನು ನಷ್ಟವನ್ನು ಸ್ಪಷ್ಟವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಅಣುಗಳು ಚಿಕ್ಕವು, ನೇರವಾದವು, ಎಳೆಯ ಒಳಕ್ಕೆ ಇಳಿಯಬಲ್ಲವು ಎಂಬುದು ಅವರು ಕೊಡುವ ಕಾರಣ. ಒಳಗೆ ಎಣ್ಣೆ ಇದ್ದಷ್ಟೂ ನೀರಿಗೆ ಜಾಗ ಕಡಿಮೆ.

ಈಗ ಅಡುಗೆಮನೆಗೆ ಬರೋಣ. ಚಕ್ಕುಲಿ ಹಿಟ್ಟು ಕಲಸುವಾಗ ‘ಎಷ್ಟು ನೀರು?’ ಎಂದು ಕೇಳಿದರೆ ಹಿರಿಯರು ಲೋಟದ ಲೆಕ್ಕ ಹೇಳುವುದಿಲ್ಲ, ‘ಹಿಡಿಯುವಷ್ಟು’ ಎನ್ನುತ್ತಾರೆ. ಹೊಸಬರಿಗೆ ಇದು ಜಾರಿಕೆಯ ಉತ್ತರದಂತೆ ಕೇಳುತ್ತದೆ. ನಿಜಕ್ಕೂ ಅದೇ ನಿಖರವಾದ ಉತ್ತರ. ಅಕ್ಕಿ ತೊಳೆದು ನೆರಳಲ್ಲಿ ಆರಿಸಿ ಗಿರಣಿಗೆ ಕೊಟ್ಟ ಹಿಟ್ಟಿನಲ್ಲಿ ಆಗಲೇ ತೇವ ಇರುತ್ತದೆ. ಪ್ಯಾಕೆಟ್ಟಿನ ಹಿಟ್ಟು ಒಣಗಿರುತ್ತದೆ. ಬೀಸುವಾಗ ಒಡೆದ ಪಿಷ್ಟದ ಕಣಗಳು ಹೆಚ್ಚಿದ್ದರೆ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ. ಅಕ್ಕಿಯಲ್ಲಿ ಗೋಧಿಯಂತೆ ಅಂಟಿನ ಗ್ಲುಟೆನ್ ಇಲ್ಲದ್ದರಿಂದ ಹಿಟ್ಟನ್ನು ಹಿಡಿದಿಡುವ ಹೊಣೆಯಲ್ಲಿ ದೊಡ್ಡ ಪಾಲು ನೀರಿನದೇ. ಕಡಿಮೆಯಾದರೆ ಒರಳಿನಿಂದ ಇಳಿಯುವಾಗ ಎಳೆ ತುಂಡಾಗುತ್ತದೆ. ಹೆಚ್ಚಾದರೆ ಮುಳ್ಳು ಏಳುವುದಿಲ್ಲ, ಚಕ್ಕುಲಿ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಉದ್ದನ್ನು ಹುರಿದು ಹಾಕುವುದು ಘಮಕ್ಕಷ್ಟೇ ಅಲ್ಲ, ಅದರ ತೇವ ಕಳೆಯಲಿಕ್ಕೂ ಹೌದು. ಬೆಣ್ಣೆ ಅಥವಾ ಕಾದ ಎಣ್ಣೆ ಕಣಗಳ ಸುತ್ತ ಪೊರೆ ಕಟ್ಟಿ ನೀರನ್ನು ದೂರವಿಡುತ್ತದೆ, ಅದರಿಂದಲೇ ಗರಿಗರಿ. ಅದೇ ಬೆಣ್ಣೆ ಮಿತಿಮೀರಿದರೆ ಕಣಗಳು ಒಂದನ್ನೊಂದು ಹಿಡಿಯಲಾರದೆ ಚಕ್ಕುಲಿ ಬಾಣಲೆಯಲ್ಲೇ ಪುಡಿಯಾಗುತ್ತದೆ.

ಕರಿಯುವುದು ಎಂದರೆ ಎಣ್ಣೆ ತುಂಬಿಸುವುದಲ್ಲ, ನೀರು ತೆಗೆಯುವುದು. ಎಣ್ಣೆ 175 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿರುವಾಗ ಬಿಟ್ಟ ಚಕ್ಕುಲಿಯ ಒಳಗಿನ ನೀರು ಆವಿಯಾಗಿ ನುಗ್ಗುತ್ತದೆ. ನಾವು ಕಾಣುವ ಗುಳ್ಳೆಗಳೆಲ್ಲ ಆ ಆವಿಯೇ. ಒಂದು ಗ್ರಾಂ ನೀರನ್ನು ಕೋಣೆಯ ಬಿಸಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 75 ಕ್ಯಾಲೊರಿ ಶಾಖ ಸಾಕು, ಆದರೆ ಕುದಿಯುವ ನೀರನ್ನು ಆವಿ ಮಾಡಲು ಮತ್ತೆ 540 ಕ್ಯಾಲೊರಿ ಬೇಕು. ಆದ್ದರಿಂದ ನೀರಿರುವವರೆಗೂ ಚಕ್ಕುಲಿಯ ಒಳಗೆ ಬಿಸಿ ನೂರು ಡಿಗ್ರಿಯ ಹತ್ತಿರವೇ ನಿಂತಿರುತ್ತದೆ, ಬಣ್ಣ ತಿರುಗುವುದಿಲ್ಲ. ಬಾಣಲೆ ತುಂಬ ಒಮ್ಮೆಗೇ ಹಾಕಿದರೆ ಈ ಶಾಖವನ್ನೆಲ್ಲ ನೀರೇ ನುಂಗಿ ಎಣ್ಣೆ ತಣ್ಣಗಾಗುತ್ತದೆ. ಗುಳ್ಳೆಗಳ ಮೊರೆತ ಇಳಿದು, ಸದ್ದು ತಗ್ಗಿ, ಎಣ್ಣೆ ತಿಳಿಯಾದಾಗ ‘ಬೆಂದಿದೆ’ ಎಂದು ತೆಗೆಯುತ್ತಾರಲ್ಲ, ಆ ಕ್ಷಣಕ್ಕೆ ನೀರು ಬಹುತೇಕ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಬಿಸಿ ವೇಗವಾಗಿ ಏರುತ್ತದೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಹೊಂಬಣ್ಣ, ಘಮ ಕೊಡುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ 1912ರಲ್ಲಿ ವಿವರಿಸಿದ್ದು. ಅದು ಜೋರಾಗುವುದು ಮೇಲ್ಮೈ ಒಣಗಿದ ಮೇಲೆಯೇ. ಆದರೆ ಒಣಗಿದ ಪದಾರ್ಥವನ್ನು ಎಣ್ಣೆಯಲ್ಲೇ ಬಿಟ್ಟರೆ ಬೇರೊಂದು ಅಪಾಯ. ಪಿಷ್ಟದ ತಿಂಡಿಗಳಲ್ಲಿ 120 ಡಿಗ್ರಿಗಿಂತ ಮೇಲೆ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹುಟ್ಟುತ್ತದೆಂದು ಸ್ವೀಡನ್ನಿನ ಆಹಾರ ಇಲಾಖೆ 2002ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಹೊಂಬಣ್ಣಕ್ಕೆ ತೆಗೆಯುವುದು ರುಚಿಗೂ ಸರಿ, ಆರೋಗ್ಯಕ್ಕೂ ಸರಿ. ಕಂದು ಬಣ್ಣದವರೆಗೆ ಕಾಯುವುದು ಎರಡಕ್ಕೂ ನಷ್ಟ.

ಎಣ್ಣೆ ಹೆಚ್ಚು ಹೀರಿಕೊಳ್ಳುವುದು ಬಾಣಲೆಯಲ್ಲಿ ಎಂದೇ ಬಹಳ ಜನ ತಿಳಿದಿದ್ದಾರೆ. ಬಾಣಲೆಯಲ್ಲಿ ಆವಿ ಹೊರಕ್ಕೆ ತಳ್ಳುತ್ತಿರುವಾಗ ಎಣ್ಣೆಗೆ ಒಳಗೆ ದಾರಿ ಸಿಗುವುದು ಕಷ್ಟ. ಹೊರತೆಗೆದ ಮೇಲೆ ರಂಧ್ರಗಳೊಳಗಿನ ಆವಿ ತಣಿದು ನೀರಾಗುತ್ತದೆ, ಒತ್ತಡ ಕುಸಿಯುತ್ತದೆ, ಮೇಲ್ಮೈಗೆ ಅಂಟಿದ ಎಣ್ಣೆ ಒಳಕ್ಕೆ ಸೆಳೆಯಲ್ಪಡುತ್ತದೆ. ಆದ್ದರಿಂದ ಜಾಲರಿಯಲ್ಲಿ ಎತ್ತಿ ಬಾಣಲೆಯ ಮೇಲೆಯೇ ಕೆಲವು ಕ್ಷಣ ಹಿಡಿಯುವ, ತಟ್ಟೆಯಲ್ಲಿ ರಾಶಿ ಹಾಕದೆ ಹರವುವ ಕ್ರಮ ತೀರಾ ಸರಿಯಾದದ್ದು. ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಬೇಡ. ಕರಿಯುವ ಪದಾರ್ಥದ ನೀರೇ ಕಾದ ಎಣ್ಣೆಯನ್ನು ಒಡೆಯುತ್ತದೆ, ಆ ಒಡಕಿನಿಂದ ಹುಟ್ಟುವ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ; ಅವು ಶೇ. 25 ದಾಟಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮ ನಮ್ಮ ದೇಶದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಹಾಗೆಯೇ, ಕರ್ಜಿಕಾಯಿಯ ಹೂರಣದಲ್ಲಿ ತೇವ ಉಳಿದರೆ ಆವಿಗೆ ದಾರಿಯಿಲ್ಲದೆ ಅದು ಎಣ್ಣೆಯಲ್ಲಿ ಒಡೆದು ಸಿಡಿಯುತ್ತದೆ: ನೀರು ಆವಿಯಾದಾಗ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಒಲೆ ಆರಿಸಿ ಮುಚ್ಚಳ ಹಾಕಬೇಕು ಎನ್ನುವುದಕ್ಕೂ ಇದೇ ಕಾರಣ.

ಕಜ್ಜಾಯದ ಪಾಕದಲ್ಲಿ ಈ ವಾದಕ್ಕೆ ಅತ್ಯಂತ ಗಟ್ಟಿ ಆಧಾರ ಸಿಗುತ್ತದೆ. ಪಾಕ ಕುದಿಯುತ್ತ ನೀರು ಕಡಿಮೆಯಾದಂತೆ ಅದರ ಕುದಿಯುವ ಬಿಸಿ ಏರುತ್ತದೆ. ಸಕ್ಕರೆ ಪಾಕ ಸಮುದ್ರಮಟ್ಟದಲ್ಲಿ 112ರಿಂದ 116 ಡಿಗ್ರಿಗೆ ಬಂದಾಗ ಅದರಲ್ಲಿ ಶೇ. 85ರಷ್ಟು ಸಕ್ಕರೆ, ಉಳಿದದ್ದು ನೀರು. ನೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು ಬೆರಳಿನಿಂದ ಒಟ್ಟುಮಾಡಿದರೆ ಮೆತ್ತನೆಯ ಉಂಡೆಯಾಗುವ ಹಂತ ಇದೇ. ಥರ್ಮಾಮೀಟರ್ ಕೊಂಡರೆ ಈ ತೊಟ್ಟಿನ ಪರೀಕ್ಷೆ ಯಾಕೆ ಎಂದು ಕೇಳಬಹುದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಪಾಕದ ಪ್ರತಿ ಹಂತವೂ ಸುಮಾರು ಮೂರು ಡಿಗ್ರಿ ಕೆಳಗಿಳಿಯುತ್ತದೆ. ಮಂಗಳೂರಿನಲ್ಲಿ ಸರಿಹೋಗುವ ಅಂಕಿಯನ್ನು ಬೆಂಗಳೂರಿನಲ್ಲಿ ಹಿಡಿದು ಕೂತರೆ ಪಾಕ ಗಟ್ಟಿಯಾಗಿ ಕಜ್ಜಾಯ ಕಲ್ಲಾಗುತ್ತದೆ. ಬೆಲ್ಲವಂತೂ ಶುದ್ಧ ಸಕ್ಕರೆಯಲ್ಲ, ಹೊಸ ಬೆಲ್ಲದ ತೇವ ಹಳೆಯದರಲ್ಲಿ ಇರುವುದಿಲ್ಲ. ತೊಟ್ಟಿನ ಪರೀಕ್ಷೆಯಾದರೋ ಪಾಕದಲ್ಲಿ ಉಳಿದ ನೀರನ್ನೇ ನೇರವಾಗಿ ತೋರಿಸುತ್ತದೆ, ಕರಾವಳಿಯಲ್ಲೂ ಮಡಿಕೇರಿಯಲ್ಲೂ ಅದಕ್ಕೆ ತಿದ್ದುಪಡಿ ಬೇಕಿಲ್ಲ. ಥರ್ಮಾಮೀಟರ್ ಒಳ್ಳೆಯ ಸಹಾಯಕ. ಆದರೆ ಇಲ್ಲಿ ಬೆರಳು ಅದಕ್ಕಿಂತ ಉತ್ತಮ ಉಪಕರಣ.

ಡಬ್ಬಿಗೆ ತುಂಬಿದ ಮೇಲೂ ನೀರಿನ ಓಡಾಟ ನಿಲ್ಲುವುದಿಲ್ಲ. ಬಿಸಿಯಿರುವಾಗಲೇ ಮುಚ್ಚಿದರೆ ಒಳಗಿನ ಆವಿ ಮುಚ್ಚಳಕ್ಕೆ ತಗುಲಿ ತಿರುಗಿ ಚಕ್ಕುಲಿಗೇ ಇಳಿಯುತ್ತದೆ. ಆರಿದ ಮೇಲೂ ತೆರೆದಿಟ್ಟರೆ ಗಾಳಿಯ ತೇವ ಒಳಸೇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50 ದಾಟಿದ ಕಡೆ ಗರಿಗರಿ ತಿಂಡಿ ಹೆಚ್ಚು ಹೊತ್ತು ಉಳಿಯದು, ಕರಾವಳಿಯಲ್ಲಿ ಅದಕ್ಕಿಂತ ಒಣಗಿದ ದಿನಗಳೇ ಅಪರೂಪ. ಇದೇ ಗಾಳಿಯ ತೇವ ಕೂದಲಿಗೂ ಇಳಿಯುತ್ತದೆ. ಜಿನೀವಾದ ಹೊರಾಸ್ ಬೆನೆಡಿಕ್ಟ್ ದ ಸೊಸ್ಯೂರ್ 1783ರಲ್ಲಿ ಮನುಷ್ಯರ ಕೂದಲಿನ ಎಳೆಯಿಂದಲೇ ಆರ್ದ್ರತಾಮಾಪಕ ಮಾಡಿದರು. ಜಿಡ್ಡು ತೆಗೆದ ಎಳೆ ತೇವಕ್ಕೆ ತಕ್ಕಂತೆ ಶೇ. 2ರಷ್ಟು ಹಿಗ್ಗಿ ಕುಗ್ಗಿ ಮುಳ್ಳನ್ನು ತಿರುಗಿಸುತ್ತಿತ್ತು. ಆಮೇಲೆ ಹವಾಮಾನ ಕೇಂದ್ರಗಳು ಬಹುಕಾಲ ಈ ಬಗೆಯ ಉಪಕರಣವನ್ನು ನೆಚ್ಚಿಕೊಂಡಿದ್ದವು.

ಹಾಗಾದರೆ ಅನುಭವಕ್ಕೆ ಬೆಲೆಯೇ ಇಲ್ಲವೇ ಎಂದು ಯಾರಾದರೂ ಕೇಳಿದರೆ, ಬಹಳ ಬೆಲೆಯಿದೆ ಎಂದೇ ಹೇಳಬೇಕು. ನಲವತ್ತು ದೀಪಾವಳಿಗಳಿಗೆ ಚಕ್ಕುಲಿ ಒತ್ತಿದ ಅಜ್ಜಿ ಗುಳ್ಳೆಯ ಸದ್ದಿನಲ್ಲಿ ಕೇಳುವುದನ್ನು ಪುಸ್ತಕ ಓದಿದವರು ಮೊದಲ ದಿನವೇ ಕೇಳಲಾರರು. ಆದರೆ ಯಾವುದನ್ನು ಕೇಳಬೇಕು, ಯಾವುದನ್ನು ನೋಡಬೇಕು ಎಂದು ಗೊತ್ತಿದ್ದರೆ ಕಲಿಕೆಗೆ ಅಷ್ಟು ವರ್ಷ ಬೇಕಾಗುವುದಿಲ್ಲ. ಆ ತಿಳಿವಳಿಕೆ ಈಗ ಮನೆಯಿಂದ ಮನೆಗೆ ದಾಟುತ್ತಿರುವುದು ಫೋನಿನಲ್ಲಿ. ಅಮೆರಿಕದ ಡೆನ್ವರ್‌ನಲ್ಲಿ, ಅಂದರೆ 1,600 ಮೀಟರ್ ಎತ್ತರದಲ್ಲಿ, ನೀರು ಸುಮಾರು 95 ಡಿಗ್ರಿಗೆ ಕುದಿಯುವ ಒಣಹವೆಯಲ್ಲಿ ಕಜ್ಜಾಯ ಮಾಡಹೊರಟ ಮಗಳಿಗೆ ಮಂಡ್ಯದಿಂದ ಹೇಳಿದ ಲೋಟದ ಅಳತೆ ಅರ್ಧ ಕೆಲಸಕ್ಕಷ್ಟೇ ಬರುತ್ತದೆ. ದಯವಿಟ್ಟು ಈ ಹಬ್ಬಕ್ಕೆ ಮಕ್ಕಳಿಗೆ ರೆಸಿಪಿ ಹೇಳುವಾಗ ಎಷ್ಟು ಲೋಟ, ಎಷ್ಟು ಚಮಚ ಎಂಬುದರ ಜೊತೆಗೆ ಹಿಟ್ಟು ಬೆರಳಿಗೆ ಹೇಗೆ ತಾಕಬೇಕು, ತೊಟ್ಟು ನೀರಿನಲ್ಲಿ ಹೇಗೆ ನಿಲ್ಲಬೇಕು, ಗುಳ್ಳೆ ಯಾವಾಗ ಅಡಗಬೇಕು ಎಂಬುದನ್ನೂ ಹೇಳಿ, ಬರೆದಿಡಲು ಹೇಳಿ.